ಇತಿಹಾಸದ ಪಟ್ಟಿಯಲ್ಲಿ 1873 ಏಕಿಲ್ಲ?

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ವಿದ್ಯಾರ್ಥಿ ಪುಟದಲ್ಲಿ ಕೆಲವು ವಾರಗಳಿಂದ ಬರುತ್ತಿರುವ ಆಧುನಿಕ ಇತಿಹಾಸದ ತಿರುವುಗಳ ಮಾಲಿಕೆಯನ್ನು ನಮ್ಮ ಬಂಗಾರಪೇಟೆಯ ಗ್ರಂಥಾಲಯದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುವ ಹುಡುಗ ಹುಡುಗಿಯರು ಜೆರಾಕ್ಸ್ ಮಾಡಿಸಿ ಇಟ್ಟುಕೊಳ್ಳುತ್ತಿದ್ದಾರೆ. ಪತ್ರಿಕೆಯೊಂದು ಇತಿಹಾಸಕ್ಕೆ ವಾರಕ್ಕೆ ಅರ್ಧ ಪುಟ ಬಿಟ್ಟುಕೊಡುವುದೇ ಅಪರೂಪವಾಗಿರುವ ಈ ಕಾಲದಲ್ಲಿ ತಮಗೆ ಮೊದಲು ಧನ್ಯವಾದ ಹೇಳಬೇಕು. ಆದರೆ ಇದೇ ಜಿಲ್ಲೆಯ ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳಿ ನಿವೃತ್ತನಾದ ನನಗೆ ಆ ಮಾಲಿಕೆಯ ಬಗ್ಗೆ ಒಂದು ಗಟ್ಟಿಯಾದ ತಕರಾರಿದೆ. 1769ರಲ್ಲಿ ಜೇಮ್ಸ್ ವಾಟ್‌ಗೆ ಸಿಕ್ಕ ಪೇಟೆಂಟ್, 1789ರ ಫ್ರೆಂಚ್ ಕ್ರಾಂತಿ, 1871ರ ಜರ್ಮನಿಯ ಏಕೀಕರಣ, 1914, 1917, 1929 ಎಂದು ಪಟ್ಟಿ ಸಾಗುತ್ತದೆ. ಪ್ರತಿಯೊಂದು ಕಂತಿನ ಕೊನೆಗೂ ‘ಇದರ ಪರಿಣಾಮ ಭಾರತದ ಮೇಲೂ ಆಯಿತು’ ಎಂಬ ಅರ್ಥದ ಒಂದು ಸಾಲು ಬರುತ್ತದೆ. ಆ ಸಾಲನ್ನು ಓದಿದ ವಿದ್ಯಾರ್ಥಿಗೆ ಕಾರಣಗಳೆಲ್ಲ ಯುರೋಪಿನಲ್ಲಿ ಹುಟ್ಟಿದವು, ನಮ್ಮ ಪಾಲಿಗೆ ಬಂದದ್ದು ಪರಿಣಾಮ ಮಾತ್ರ ಎಂಬ ಭಾವನೆ ಮೂಡದೆ ಇರುವುದಿಲ್ಲ. ಕೋಲಾರ ಜಿಲ್ಲೆಯ ಮಟ್ಟಿಗಂತೂ ಅದು ತಪ್ಪು ಎಂಬುದು ನನ್ನ ವಾದ.

ಪಟ್ಟಿಯಲ್ಲಿ ಇಲ್ಲದ ಒಂದು ಇಸವಿಯನ್ನು ಸೇರಿಸಿದರೆ ಈ ತಪ್ಪು ಬಹುಮಟ್ಟಿಗೆ ಸರಿಹೋಗುತ್ತದೆ. ಅದು 1873. ಯಾವ ದೊಡ್ಡ ಯುದ್ಧವೂ ಆ ವರ್ಷ ಆರಂಭವಾಗಲಿಲ್ಲ, ಯಾವ ರಾಜನ ತಲೆಯೂ ಉರುಳಲಿಲ್ಲ. ಆದ್ದರಿಂದಲೇ ಪರೀಕ್ಷೆಯ ಪುಸ್ತಕಗಳು ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲವೆಂದು ಕಾಣುತ್ತದೆ. ಆದರೆ ಉಗಿಯಂತ್ರದ ಕಾಲವನ್ನೂ ಮಹಾಯುದ್ಧದ ಕಾಲವನ್ನೂ ಜೋಡಿಸುವ ಎಳೆ ಆ ವರ್ಷದಲ್ಲಿ ಸಿಗುತ್ತದೆ, ಮತ್ತು ಆ ಎಳೆ ಹಾದುಹೋಗುವುದು ಬಂಗಾರಪೇಟೆಯಿಂದ ಕೋಲಾರದ ಚಿನ್ನದ ಗಣಿಗಳ ನಡುವಿನ ಮಾರಿಕುಪ್ಪಕ್ಕೆ ಹೋಗುವ ರೈಲುದಾರಿಯ ಮೇಲೆಯೇ.

ಮೊದಲು ಉಗಿಯಂತ್ರದ ವಿಷಯ. ತಮ್ಮ ಮೊದಲ ಕಂತು ಕೈಗಾರಿಕಾ ಕ್ರಾಂತಿಯನ್ನು ಪೂರ್ತಿಯಾಗಿ ಮ್ಯಾಂಚೆಸ್ಟರಿನ ಬಟ್ಟೆ ಗಿರಣಿಗಳ ಕಥೆಯಾಗಿ ಹೇಳಿತು. ವಾಸ್ತವದಲ್ಲಿ ಉಗಿಯಂತ್ರ ಮೊದಲು ದುಡಿದದ್ದು ಗಣಿಗಳಲ್ಲಿ. ಥಾಮಸ್ ನ್ಯೂಕೊಮೆನ್ 1712ರಲ್ಲಿ ನಿಲ್ಲಿಸಿದ ಯಂತ್ರದ ಕೆಲಸ ಕಲ್ಲಿದ್ದಲ ಗಣಿಯೊಳಗೆ ತುಂಬುತ್ತಿದ್ದ ನೀರನ್ನು ಮೇಲೆತ್ತುವುದಾಗಿತ್ತು. ವಾಟ್ ಮತ್ತು ಬೋಲ್ಟನ್ ಜೋಡಿಯ ಮುಖ್ಯ ಗಿರಾಕಿಗಳು ಇಂಗ್ಲೆಂಡಿನ ನೈರುತ್ಯ ಮೂಲೆಯಲ್ಲಿರುವ ಕಾರ್ನ್‌ವಾಲ್‌ನ ತವರ ಮತ್ತು ತಾಮ್ರದ ಗಣಿಗಳು. ಅಲ್ಲಿ ಕಲ್ಲಿದ್ದಲು ಸಿಗುತ್ತಿರಲಿಲ್ಲ, ಹೊರಗಿನಿಂದ ತರಿಸಬೇಕಾಗಿತ್ತು; ಹಾಗಾಗಿ ಕಡಿಮೆ ಕಲ್ಲಿದ್ದಲು ತಿನ್ನುವ ವಾಟ್‌ನ ಯಂತ್ರಕ್ಕೆ ಅಲ್ಲಿ ಬೆಲೆಯಿತ್ತು, ಮತ್ತು ಉಳಿತಾಯವಾದ ಇಂಧನದ ಮೂರನೆಯ ಒಂದು ಭಾಗದ ಬೆಲೆಯನ್ನು ಆ ಪಾಲುದಾರರು ತಮ್ಮ ಶುಲ್ಕವಾಗಿ ವಸೂಲು ಮಾಡುತ್ತಿದ್ದರು. ಆಳದ ಗಣಿಯಿಂದ ನೀರೆತ್ತುವುದು, ಅದಿರೆತ್ತುವುದು, ಗಟ್ಟಿಕಲ್ಲನ್ನು ಸೀಳಿಕೊಂಡು ಕೆಳಕ್ಕೆ ಹೋಗುವುದು ಇವೆಲ್ಲದರಲ್ಲಿ ಕಾರ್ನ್‌ವಾಲ್‌ನವರು ನೂರು ವರ್ಷ ಪಳಗಿದರು. 1866ರ ಸುಮಾರಿಗೆ ತಾಮ್ರದ ಬೆಲೆ ಕುಸಿದಾಗ ಅಲ್ಲಿಯ ಗಣಿಗಳು ಒಂದೊಂದಾಗಿ ಮುಚ್ಚಿದವು. ಕಸುಬು ಗೊತ್ತಿದ್ದ ಸಾವಿರಾರು ಮಂದಿ ಆಸ್ಟ್ರೇಲಿಯ, ಅಮೆರಿಕ, ದಕ್ಷಿಣ ಆಫ್ರಿಕಗಳಿಗೆ ಹೊರಟರು. ಅವರಲ್ಲಿ ಒಂದಷ್ಟು ಜನ ಕೋಲಾರಕ್ಕೂ ಬಂದರು. ನಮ್ಮ ಚಿನ್ನದ ಗಣಿಗಳನ್ನು 1880ರಿಂದ ನಡೆಸಿದ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯೂ ಅದೇ ಡೆವನ್ ಮತ್ತು ಕಾರ್ನ್‌ವಾಲ್ ಗಣಿಗಳಲ್ಲಿ ಹೆಸರು ಮಾಡಿದ್ದು. ಗಣಿಯ ಮೇಲ್ವಿಚಾರಕನನ್ನು ಸೇನೆಯಲ್ಲಿ ಇಲ್ಲದಿದ್ದರೂ ಕ್ಯಾಪ್ಟನ್ ಎಂದು ಕರೆಯುವ ರೂಢಿ ಕೂಡ ಅಲ್ಲಿಯದೇ. ವಾಟ್‌ನ ಯಂತ್ರ ಹೊಕ್ಕ ಊರಿನ ಕಸುಬುದಾರರೇ ಕೆಲಸ ತಪ್ಪಿ ನಮ್ಮ ಗಣಿಯ ಊರಿಗಾಂಗೆ ಬಂದಿಳಿದರು ಎಂದ ಮೇಲೆ ಕೈಗಾರಿಕಾ ಕ್ರಾಂತಿಯನ್ನು ಕಲಿಸಲು ಕೋಲಾರದ ಮೇಷ್ಟರಿಗೆ ಮ್ಯಾಂಚೆಸ್ಟರಿನ ಚಿತ್ರವೇ ಏಕೆ ಬೇಕು?

ಇನ್ನು 1873ಕ್ಕೆ ಬರುತ್ತೇನೆ. 1871ರಲ್ಲಿ ಫ್ರಾನ್ಸನ್ನು ಸೋಲಿಸಿದ ಜರ್ಮನಿ ಅದರಿಂದ 500 ಕೋಟಿ ಫ್ರಾಂಕುಗಳ ಯುದ್ಧ ಪರಿಹಾರವನ್ನು ಕಕ್ಕಿಸಿತು. ಅದರ ಬಲದ ಮೇಲೆ ಹೊಸ ಸಾಮ್ರಾಜ್ಯವು ತನ್ನ ನಾಣ್ಯವನ್ನು ಬೆಳ್ಳಿಯಿಂದ ಚಿನ್ನಕ್ಕೆ ಬದಲಾಯಿಸಲು ಹೊರಟು, 1873ರ ಕಾನೂನಿನಿಂದ ಚಿನ್ನದ ಮಾರ್ಕನ್ನು ನೆಲೆಗೊಳಿಸಿ, ಬೇಡವಾದ ಬೆಳ್ಳಿಯನ್ನು ಪೇಟೆಗೆ ಸುರಿಯಿತು. ಅದೇ ವರ್ಷ ಅಮೆರಿಕವೂ ಬೆಳ್ಳಿ ತಂದವರಿಗೆಲ್ಲ ಡಾಲರ್ ನಾಣ್ಯ ಹೊಡೆದುಕೊಡುವ ಪದ್ಧತಿಯನ್ನು ಕೈಬಿಟ್ಟಿತು. ಬ್ರಿಟನ್ ಅದಾಗಲೇ ಅರ್ಧ ಶತಮಾನದಿಂದ ಚಿನ್ನದ ಪ್ರಮಾಣದ ಮೇಲಿತ್ತು, ಅಂದರೆ ಅದರ ಹಣದ ಬೆಲೆಯನ್ನು ನಿಗದಿತ ತೂಕದ ಚಿನ್ನಕ್ಕೆ ಕಟ್ಟಲಾಗಿತ್ತು. ಹೀಗೆ ಕೈಗಾರಿಕೆಯಲ್ಲಿ ಮುಂದಿದ್ದ ರಾಷ್ಟ್ರಗಳೆಲ್ಲ ಒಂದೇ ಹಳದಿ ಲೋಹದ ಹಿಂದೆ ಬಿದ್ದ ಹೊತ್ತಿಗೆ ಮೇ ತಿಂಗಳಲ್ಲಿ ವಿಯೆನ್ನಾದ ಷೇರುಪೇಟೆಯೂ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಬ್ಯಾಂಕುಗಳೂ ಕುಸಿದವು. ಆಮೇಲಿನ ಎರಡು ದಶಕಗಳ ಕಾಲ ಬೆಲೆಗಳು ಇಳಿಯುತ್ತಲೇ ಹೋದವು. ಪ್ರತಿಯೊಂದು ದೇಶವೂ ತನ್ನ ಪೇಟೆಗೆ ಸುಂಕದ ಬೇಲಿ ಹಾಕಿಕೊಂಡು, ಹೊರಗೆ ವಸಾಹತು ಹುಡುಕಲು ತೊಡಗಿತು. 1914ರ ಯುದ್ಧಕ್ಕೆ ಕಾರಣಗಳನ್ನು ಬರೆಯುವಾಗ ಸಾಮ್ರಾಜ್ಯಶಾಹಿ ಪೈಪೋಟಿ ಎಂದು ಒಂದು ಪದಪುಂಜವನ್ನು ನಾವು ಮಕ್ಕಳಿಗೆ ಉರು ಹೊಡೆಸುತ್ತೇವೆ. ಆ ಪೈಪೋಟಿಗೆ ವೇಗ ಬಂದದ್ದು ಈ ಕಷ್ಟದ ದಶಕಗಳಲ್ಲಿ ಎಂಬುದನ್ನು ಹೇಳುವುದಿಲ್ಲ.

ಈಗ ಅದೇ 1873ರಲ್ಲಿ ಬೆಂಗಳೂರಿನ ದಂಡುಪ್ರದೇಶದಲ್ಲಿ ಏನು ನಡೆಯಿತೆಂದು ನೋಡಬಹುದು. ನ್ಯೂಜಿಲೆಂಡಿನಲ್ಲಿ ಮಾವೊರಿಗಳ ವಿರುದ್ಧ ಯುದ್ಧ ಮಾಡಿ ಬಂದು ಬೆಂಗಳೂರಿನಲ್ಲಿ ನೆಲೆಸಿದ್ದ ಮೈಕೇಲ್ ಲವೆಲ್ ಎಂಬ ಐರಿಷ್ ನಿವೃತ್ತ ಸೈನಿಕ, ಕೋಲಾರದ ಸೀಮೆಯಲ್ಲಿ ಗಣಿ ತೋಡಲು ಅಪ್ಪಣೆ ಬೇಡಿ ಮೈಸೂರು ಸರ್ಕಾರಕ್ಕೆ ಅರ್ಜಿ ಹಾಕಿದ. ಚಿನ್ನ ಇರುವುದು ಆತನ ಶೋಧವೇನೂ ಆಗಿರಲಿಲ್ಲ. ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರಿನ ಪೂರ್ವದ ಗಡಿಯನ್ನು ಅಳೆಯಲು ಬಂದಿದ್ದ ಲೆಫ್ಟಿನೆಂಟ್ ಜಾನ್ ವಾರನ್ 1802ರಲ್ಲೇ ಊರಿಗಾಂ, ಮಾರಿಕುಪ್ಪಗಳ ಹಳ್ಳಿಗರು ಮಣ್ಣು ತೊಳೆದು, ಕಲ್ಲು ಕುಟ್ಟಿ ಚಿನ್ನ ತೆಗೆಯುವುದನ್ನು ಕಂಡು ವರದಿ ಬರೆದಿದ್ದ. ಆ ವರದಿ ಎಪ್ಪತ್ತು ವರ್ಷ ಕಡತದಲ್ಲೇ ಉಳಿಯಿತು ಎಂದರೂ ನಡೆಯುತ್ತದೆ. ನಡುವೆ ಒಂದೆರಡು ಪ್ರಯತ್ನಗಳು ನಡೆದರೂ ಫಲ ಕೊಡಲಿಲ್ಲ. 1875ರಲ್ಲಿ ಲವೆಲ್‌ಗೆ ಗುತ್ತಿಗೆ ಸಿಕ್ಕಿತು. ಬರ್ಲಿನ್ನಿನ ಕಾನೂನು ಓದಿಕೊಂಡು ಆತ ಅರ್ಜಿ ಹಾಕಿದನೆಂದು ನಾನು ಹೇಳುತ್ತಿಲ್ಲ. ಒಬ್ಬ ಮನುಷ್ಯನ ಆಸೆಗೆ ಅಷ್ಟು ದೂರದ ಕಾರಣ ಬೇಕಾಗಿಲ್ಲ. ಆದರೆ ಆತನ ಗುತ್ತಿಗೆ ಒಂದೆರಡು ಕೈ ದಾಟಿ ಲಂಡನ್ನಿನ ಷೇರುದಾರರನ್ನು ತಲುಪಿತಲ್ಲ, ಬೆಲೆಗಳೆಲ್ಲ ಇಳಿಯುತ್ತಿದ್ದ ಕಾಲದಲ್ಲಿ ಅವರು ಯಾವತ್ತೂ ಕಂಡಿರದ ಊರಿಗೆ ಹಣ ಹಾಕಿದರಲ್ಲ, ಅದಕ್ಕೆ ಕಾರಣ ಇದೇ. ಉಳಿದ ಸರಕುಗಳ ಬೆಲೆ ಕುಸಿಯುತ್ತಿದ್ದಾಗ ಚಿನ್ನಕ್ಕೆ ಮಾತ್ರ ಕಾನೂನು ಕಟ್ಟಿಕೊಟ್ಟ ನಿಶ್ಚಿತ ಬೆಲೆಯಿತ್ತು; ಕೂಲಿ, ಯಂತ್ರ, ಸಾಗಾಟ ಎಲ್ಲವೂ ಅಗ್ಗವಾಗುತ್ತ ಚಿನ್ನದ ಬೆಲೆ ಮಾತ್ರ ನಿಂತಲ್ಲೇ ನಿಂತರೆ, ಗಣಿ ತೋಡುವುದು ಲಾಭದ ಕಸುಬಾಗುತ್ತದೆ.

ಗುತ್ತಿಗೆ ಕೊಟ್ಟವರು ಯಾರೆಂಬುದನ್ನೂ ಮರೆಯಬಾರದು. 1831ರಿಂದ 1881ರ ಮಾರ್ಚ್‌ವರೆಗೆ ಮೈಸೂರನ್ನು ಆಳಿದ್ದು ಬ್ರಿಟಿಷ್ ಕಮಿಷನರು. ಒಡೆಯರಿಗೆ ರಾಜ್ಯ ಮರಳಿ ಬರುವ ಹೊತ್ತಿಗೆ ಗಣಿಯ ಹಕ್ಕು ಅದಾಗಲೇ ಕೈ ಬದಲಾಯಿಸಿ ಕಂಪನಿಗಳ ವಶದಲ್ಲಿತ್ತು.

ಬೆಳ್ಳಿಯ ಬೆಲೆ ಬಿದ್ದದ್ದರಿಂದ ನಮ್ಮ ರೈತನಿಗೆ ಏನಾಯಿತು ಎಂಬುದು ಇದಕ್ಕಿಂತ ದೊಡ್ಡ ಕಥೆ. ಭಾರತದ ರೂಪಾಯಿ ಬೆಳ್ಳಿಯದು. 1870ರ ದಶಕದ ಆರಂಭದಲ್ಲಿ ಹೆಚ್ಚುಕಡಿಮೆ ಎರಡು ಶಿಲಿಂಗ್ ತೂಗುತ್ತಿದ್ದ ರೂಪಾಯಿ 1892-93ರ ಹೊತ್ತಿಗೆ ಒಂದು ಶಿಲಿಂಗ್ ಮೂರು ಪೆನ್ಸ್‌ಗೆ ಇಳಿದಿತ್ತು. ಆದರೆ ಭಾರತ ಸರ್ಕಾರವು ಲಂಡನ್ನಿಗೆ ಕಟ್ಟಬೇಕಿದ್ದ ನಿವೃತ್ತಿ ವೇತನ, ರೈಲು ಸಾಲದ ಬಡ್ಡಿ, ಸೇನಾ ವೆಚ್ಚಗಳೆಲ್ಲ ಚಿನ್ನದ ಪೌಂಡಿನಲ್ಲಿದ್ದವು. ಅಷ್ಟೇ ಪೌಂಡಿಗೆ ವರ್ಷದಿಂದ ವರ್ಷಕ್ಕೆ ಹೆಚ್ಚು ರೂಪಾಯಿ ಬೇಕಾಯಿತು; ಆ ಹೆಚ್ಚುವರಿ ರೂಪಾಯಿ ಕಂದಾಯದಿಂದ, ಉಪ್ಪಿನ ತೆರಿಗೆಯಿಂದಲ್ಲದೆ ಇನ್ನೆಲ್ಲಿಂದ ಬರಬೇಕಿತ್ತು? ಕೊನೆಗೆ 1893ರ ಜೂನ್‌ನಲ್ಲಿ ಸರ್ಕಾರವು ಬೆಳ್ಳಿ ತಂದವರಿಗೆಲ್ಲ ರೂಪಾಯಿ ಹೊಡೆದುಕೊಡುವ ಪದ್ಧತಿಯನ್ನೇ ನಿಲ್ಲಿಸಿತು. ಈ ನಡುವೆ 1876ರಿಂದ 78ರವರೆಗೆ ಮೈಸೂರು ಸೀಮೆಯನ್ನು ದೊಡ್ಡ ಬರ ಹಾಯ್ದುಹೋಯಿತು. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಕೋಲಾರ, ತುಮಕೂರು ಸೀಮೆಗಳು ಅತಿ ಹೆಚ್ಚು ನಲುಗಿದವುಗಳಲ್ಲಿ ಸೇರಿದ್ದವು. ಅದೇ ವರ್ಷಗಳಲ್ಲಿ ಉತ್ತರ ಚೀನಾದಲ್ಲೂ ಬ್ರೆಜಿಲ್‌ನ ಈಶಾನ್ಯದಲ್ಲೂ ಮಳೆ ಕೈಕೊಟ್ಟು ಜನ ಸಾಯುತ್ತಿದ್ದರು. ಈ ಬರ ತಮ್ಮ ಮಾಲಿಕೆಯಲ್ಲಿ ಒಂದು ಸಾಲಾಗಿಯೂ ಬಂದಿಲ್ಲ. ಸತ್ತವರ ಸಂಖ್ಯೆಯನ್ನೇ ಅಳತೆಗೋಲಾಗಿ ಹಿಡಿದರೂ ಅದಕ್ಕೊಂದು ಕಂತು ಸಲ್ಲಬೇಕಿತ್ತು.

1880ರ ದಶಕದ ನಡುವಿನಲ್ಲಿ ಕೋಲಾರದ ‘ಮೈಸೂರು’ ಎಂಬ ಹೆಸರಿನ ಗಣಿಯಲ್ಲಿ ಸಮೃದ್ಧವಾದ ಚಾಂಪಿಯನ್ ಅದಿರಪಟ್ಟಿ ಸಿಕ್ಕ ಮೇಲೆ ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಗಣಿಗಳೂ ಎದ್ದು ನಿಂತವು. 1894ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ರೈಲು ಬಂತು. ನೆಲದಡಿಗೆ ಇಳಿದವರಲ್ಲಿ ಬಹುಪಾಲು ಜನ ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಕಡೆಗಳಿಂದ ಬಂದ ದಲಿತ ಕುಟುಂಬಗಳವರು. ಬರ ಮತ್ತು ಜಾತಿಯ ದಬ್ಬಾಳಿಕೆ ಅವರನ್ನು ಊರಿನಿಂದ ಹೊರಡಿಸಿದ್ದವು. ಗಣಿಯಲ್ಲಿ ಕೂಲಿ ನಗದಾಗಿ ಸಿಗುತ್ತಿತ್ತು. ಮೇಲೆ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ. ಕೆಳಗೆ ಸಾಲಾಗಿ ತಟ್ಟಿಗೋಡೆಯ ಲೈನುಮನೆಗಳು. ಅದಿರಿನ ಪುಡಿಯಲ್ಲಿ ಉಳಿದ ಚಿನ್ನವನ್ನೂ ಬಿಡದೆ ಹಿಂಡುವ ಸಯನೈಡ್ ವಿಧಾನಕ್ಕೆ ಗ್ಲಾಸ್ಗೊದಲ್ಲಿ ಪೇಟೆಂಟ್ ಸಿಕ್ಕಿದ್ದು 1887ರಲ್ಲಿ. ಅದು ದಕ್ಷಿಣ ಆಫ್ರಿಕದಲ್ಲಿ ಯಶಸ್ವಿಯಾಗಿ ಕೆಲವೇ ವರ್ಷಗಳಲ್ಲಿ ನಮ್ಮಲ್ಲಿಗೂ ಬಂತು. ಇವತ್ತು ಮಾರಿಕುಪ್ಪದ ರೈಲಿನಲ್ಲಿ ಕೋರಮಂಡಲ್ ದಾಟಿದ ಮೇಲೆ ಕಿಟಕಿಯಾಚೆ ಕಾಣುವ ಬೂದುಬಿಳಿ ದಿಬ್ಬಗಳು ಆ ವಿಧಾನದ ಶೇಷ. ಮಳೆಯ ನೀರು ಅವುಗಳ ಮೈಯನ್ನು ಬೆರಳಿನಲ್ಲಿ ಗೀರಿದಂತೆ ಸೀಳಿದೆ. ಬೇಸಿಗೆಯಲ್ಲಿ ಗಾಳಿ ಎದ್ದರೆ ಹತ್ತಿರದ ಮನೆಗಳ ಅಂಗಳದಲ್ಲಿ ಒಣಹಾಕಿದ ಬಟ್ಟೆಯ ಮೇಲೆ ನುಣ್ಣನೆಯ ಧೂಳು ಕೂರುತ್ತದೆ, ಕೊಡವಿದರೂ ನೂಲಿನ ಸಂದಿಯಿಂದ ಬಿಡುವುದಿಲ್ಲ. ಸಿನಿಮಾದವರು ಅಲ್ಲಿಗೆ ಬಂದು ಹೋಗುತ್ತಾರೆ. ಇತಿಹಾಸದ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋದವರು ಕಡಿಮೆ.

ವಿದ್ಯುತ್ತಿನ ವಿಷಯದಲ್ಲಿ ತಮ್ಮ ಲೇಖಕರಿಗೆ ಒಂದು ತಿದ್ದುಪಡಿ ಹೇಳಬೇಕಾಗಿದೆ. ಶಿವನಸಮುದ್ರದ್ದು ಏಷ್ಯಾದಲ್ಲೇ ಮೊದಲ ಜಲವಿದ್ಯುತ್ ಕೇಂದ್ರ ಎಂದು ಅವರು ಬರೆದಿದ್ದಾರೆ. ಡಾರ್ಜಿಲಿಂಗಿನ ಸಣ್ಣ ಕೇಂದ್ರವೇ 1897ರಲ್ಲಿ ಆರಂಭವಾಗಿತ್ತು. ಶಿವನಸಮುದ್ರದ ನಿಜವಾದ ಹೆಗ್ಗಳಿಕೆ ಇರುವುದು ಅದು ವಿದ್ಯುತ್ ಸಾಗಿಸಿದ ದೂರದಲ್ಲಿ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೆತ್ತಿಕೊಂಡ ಈ ಯೋಜನೆ ಅವರು ತೀರಿಕೊಂಡ ಮರುವರ್ಷ, 1902ರ ಜೂನ್ 30ರಂದು, ಸುಮಾರು 147 ಕಿಲೋಮೀಟರ್ ಆಚೆಗಿನ ಕೋಲಾರದ ಗಣಿಗಳಿಗೆ ವಿದ್ಯುತ್ ಒಯ್ದಿತು. ಆಗ ಜಗತ್ತಿನಲ್ಲೇ ಅತ್ಯಂತ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. ಸೌದೆ ಮತ್ತು ಕಲ್ಲಿದ್ದಲು ಸುಟ್ಟು ಉಗಿ ಮಾಡುತ್ತಿದ್ದ ಗಣಿಗಳಿಗೆ ಕಾವೇರಿಯ ಬಲ ಸಿಕ್ಕಿತು. ಸಂಸ್ಥಾನಕ್ಕೆ ವಿದ್ಯುತ್ ಮಾರಾಟದಿಂದ ನಿಶ್ಚಿತವಾದ ಆದಾಯ ಬಂತು. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು ಮೂರು ವರ್ಷ ಕಳೆದು, 1905ರಲ್ಲಿ. ತಂತಿ ಹಾದುಹೋದ ಹಳ್ಳಿಗಳ ಮನೆಗಳಲ್ಲಿ ಬುಡ್ಡಿದೀಪವೇ ಇನ್ನೂ ದಶಕಗಟ್ಟಲೆ ಉರಿಯಿತು. ಇಂಗ್ಲೆಂಡಿನಲ್ಲಿ ಕೈಗಾರಿಕೆ ಮತ್ತು ನಗರ ಒಟ್ಟೊಟ್ಟಿಗೆ ಬೆಳೆದವು ಎಂದು ಪುಸ್ತಕದಲ್ಲಿ ಓದುವ ವಿದ್ಯಾರ್ಥಿಗೆ, ನಮ್ಮಲ್ಲಿ ಅದು ಒಂದು ತಂತಿಯ ಎರಡು ತುದಿಗಳಲ್ಲಿ ಮಾತ್ರ ಬೆಳೆಯಿತೆಂದು ತೋರಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಇಲ್ಲಿ ನಮ್ಮ ಜಿಲ್ಲೆಯ ಅಭಿಮಾನಿಗಳಿಗೂ ಒಂದು ಮಾತು ಹೇಳದೆ ಇರಲಾರೆ. ಕೋಲಾರದ ಚಿನ್ನದಿಂದಲೇ ಬ್ರಿಟಿಷ್ ಸಾಮ್ರಾಜ್ಯ ನಡೆಯಿತು ಎಂದು ಸಭೆ ಸಮಾರಂಭಗಳಲ್ಲಿ ಭಾಷಣ ಮಾಡುವವರಿದ್ದಾರೆ. ಅದು ಉತ್ಪ್ರೇಕ್ಷೆ. ಉತ್ಪಾದನೆ ಶಿಖರ ಮುಟ್ಟಿದ 1905ರ ಸುಮಾರಿಗೆ ನಮ್ಮ ಗಣಿಗಳಿಂದ ವರ್ಷಕ್ಕೆ ಆರು ಲಕ್ಷ ಔನ್ಸಿಗೂ ಹೆಚ್ಚು, ಎಂದರೆ ಸುಮಾರು 19 ಟನ್ ಚಿನ್ನ ಬರುತ್ತಿತ್ತು; ದಕ್ಷಿಣ ಆಫ್ರಿಕದ್ದು ಅದರ ಹಲವು ಪಟ್ಟು. 1899ರಿಂದ 1902ರವರೆಗಿನ ಬೋಯರ್ ಯುದ್ಧದಲ್ಲಿ ಅಲ್ಲಿಯ ಗಣಿಗಳು ಬಹುಮಟ್ಟಿಗೆ ನಿಂತಾಗ ಕೋಲಾರದಂತಹ ಗಣಿಗಳ ಬೆಲೆ ಹೆಚ್ಚಿತೆಂಬುದು ಸರಿ, ಆದರೆ ಸಾಮ್ರಾಜ್ಯವನ್ನೇ ಹೊತ್ತು ನಿಲ್ಲುವಷ್ಟು ಚಿನ್ನ ಇಲ್ಲಿರಲಿಲ್ಲ. ನನ್ನ ವಾದಕ್ಕೆ ಆ ಉತ್ಪ್ರೇಕ್ಷೆ ಬೇಕಾಗಿಯೂ ಇಲ್ಲ. ಜಗತ್ತಿನ ಹಣದ ವ್ಯವಸ್ಥೆ ಯಾವ ಲೋಹದ ಮೇಲೆ ನಿಂತಿತ್ತೋ ಆ ಲೋಹವನ್ನು ಅಗೆದು ಕೊಡುತ್ತಿದ್ದ ಬೆರಳೆಣಿಕೆಯ ತಾಣಗಳಲ್ಲಿ ನಮ್ಮದೂ ಒಂದು ಎಂಬಷ್ಟೇ ಸಾಕು.

1914ರ ಆಗಸ್ಟಿನಲ್ಲಿ ಆ ವ್ಯವಸ್ಥೆ ಮುರಿದುಬಿತ್ತು. ಯುದ್ಧಕ್ಕಿಳಿದ ರಾಷ್ಟ್ರಗಳು ನೋಟಿಗೆ ಚಿನ್ನ ಕೊಡುವುದನ್ನು ನಿಲ್ಲಿಸಿದವು, ಅಥವಾ ಕೊಡಲಾಗದಂತೆ ಅಡ್ಡಿಗಳನ್ನು ಹೇರಿದವು. ಸೆಪ್ಟೆಂಬರ್ 22ರ ರಾತ್ರಿ ಜರ್ಮನಿಯ ಎಮ್ಡೆನ್ ಹಡಗು ಮದರಾಸಿನ ತೈಲದ ಟ್ಯಾಂಕುಗಳ ಮೇಲೆ ಗುಂಡು ಹಾರಿಸಿತು. ಯುರೋಪಿನ ಯುದ್ಧ ನಮ್ಮಿಂದ ಒಂದು ರಾತ್ರಿಯ ರೈಲು ಪ್ರಯಾಣದಷ್ಟು ಹತ್ತಿರ ಬಂತು. ನಾಲ್ವಡಿ ಕೃಷ್ಣರಾಜ ಒಡೆಯರು ಯುದ್ಧನಿಧಿಗೆ 50 ಲಕ್ಷ ರೂಪಾಯಿ ಕೊಟ್ಟರು. ಮೈಸೂರಿನ ಅಶ್ವದಳ ಈಜಿಪ್ಟಿಗೆ ಹೋಗಿ, 1918ರ ಸೆಪ್ಟೆಂಬರ್ 23ರಂದು ಜೋಧಪುರದ ದಳದ ಜೊತೆ ಹೈಫಾ ನಗರವನ್ನು ಗೆದ್ದುಕೊಂಡಿತು. ಇದನ್ನು ಈಚೆಗೆ ಎಲ್ಲರೂ ಬರೆಯುತ್ತಾರೆ, ತಾವೂ ಬರೆದಿರಿ. ಆದರೆ ಯುದ್ಧ ನಮ್ಮ ಸಂಸ್ಥಾನವನ್ನು ಬದಲಾಯಿಸಿದ್ದು ಈಟಿಯಿಂದಲ್ಲ. ಅಲ್ಲಿಯವರೆಗೆ ಮೈಸೂರಿನ ಗಂಧದ ಮರ ಹರಾಜಾಗಿ ಬಹುಪಾಲು ಜರ್ಮನಿಗೆ ಹೋಗಿ, ಅಲ್ಲಿ ಎಣ್ಣೆಯಾಗುತ್ತಿತ್ತು. ಯುದ್ಧ ಆ ಗಿರಾಕಿಯನ್ನೇ ಇಲ್ಲವಾಗಿಸಿ, ಕೊರಡುಗಳು ಕೋಠಿಗಳಲ್ಲಿ ಬಿದ್ದಿರುವಂತಾಯಿತು. ಆಗ ದಿವಾನರಾಗಿದ್ದವರು ಅಂದಿನ ಕೋಲಾರ ಜಿಲ್ಲೆಯ ಮುದ್ದೇನಹಳ್ಳಿಯವರೇ ಆದ ವಿಶ್ವೇಶ್ವರಯ್ಯನವರು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಯೋಗಾಲಯದಲ್ಲಿ ಎಣ್ಣೆ ಇಳಿಸುವ ವಿಧಾನವನ್ನು ಪರೀಕ್ಷಿಸಿ, 1916ರಲ್ಲಿ ಬೆಂಗಳೂರಿನಲ್ಲೂ ಮರುವರ್ಷ ಮೈಸೂರಿನಲ್ಲೂ ಕಾರ್ಖಾನೆ ತೆರೆಯಲಾಯಿತು; ಸಾಬೂನು ಅದರ ಬೆನ್ನಿಗೇ ಬಂತು. ಕೈಗಾರಿಕೆಗೆ ಯುದ್ಧದಿಂದ ಒದಗಿದ ಅವಕಾಶ ಎಂಬ ಒಣ ಶೀರ್ಷಿಕೆಯಡಿ ಮಕ್ಕಳು ಉರು ಹೊಡೆಯುವ ವಿಷಯ ಅವರ ಬಚ್ಚಲುಮನೆಯ ಕಟ್ಟೆಯ ಮೇಲೆಯೇ ಇದೆ.

ನಾಣ್ಯದ ಗತಿ ಇನ್ನೂ ಸ್ವಾರಸ್ಯಕರ. ಯುದ್ಧದ ಖರೀದಿಗಾಗಿ ಭಾರತದಲ್ಲಿ ಸುರಿದ ಹಣಕ್ಕೆ ಬೆಳ್ಳಿ ಸಾಲದಾಗಿ, 1917ರ ನವೆಂಬರ್ 30ರಂದು ಮೊತ್ತಮೊದಲ ಒಂದು ರೂಪಾಯಿಯ ನೋಟು ಹೊರಬಂತು. ಹಿಂದಿನವರು ಕಲ್ಲಿನ ಮೇಲೆ ಕುಟ್ಟಿ ಸದ್ದು ಕೇಳಿ ಪರೀಕ್ಷಿಸುತ್ತಿದ್ದ ರೂಪಾಯಿ ಕಾಗದವಾಯಿತು. ಅಮೆರಿಕವು 1918ರಲ್ಲಿ ಕಾನೂನು ಮಾಡಿ ತನ್ನ ಖಜಾನೆಯ ಬೆಳ್ಳಿಯನ್ನು ಭಾರತಕ್ಕಾಗಿ ಬ್ರಿಟನ್ನಿಗೆ ಮಾರಿತು. ಅದೇ ವರ್ಷ ಬೊಂಬಾಯಿಯಲ್ಲಿ ಬ್ರಿಟನ್ನಿನ ಟಂಕಸಾಲೆಯಾದ ರಾಯಲ್ ಮಿಂಟಿನ ಶಾಖೆ ತೆರೆದು ಸವರನ್ ಎಂಬ ಚಿನ್ನದ ನಾಣ್ಯಗಳನ್ನು ಸುಮಾರು 13 ಲಕ್ಷ ಹೊಡೆಯಲಾಯಿತು. ಐದನೆಯ ಜಾರ್ಜನ ತಲೆಯಿರುವ, 8 ಗ್ರಾಂಗೆ ಕೂದಲೆಳೆಯಷ್ಟು ಕಡಿಮೆ ತೂಗುವ ಆ ನಾಣ್ಯಗಳು ನಮ್ಮ ಕಡೆಯ ಹಳೆಯ ಕಾಸಿನ ಸರಗಳಲ್ಲಿ ಆಗೀಗ ಕಾಣಿಸುವುದುಂಟು. ಹಿಂಬದಿಯಲ್ಲಿ ಇಸವಿಯ ಮೇಲೆ ಇಂಡಿಯಾವನ್ನು ಸೂಚಿಸುವ ಪುಟ್ಟ ಇಂಗ್ಲಿಷ್ ಅಕ್ಷರವಿದ್ದರೆ ಅದು ಬೊಂಬಾಯಿಯದು. ಅದೇ 1918ರ ಕೊನೆಯಲ್ಲಿ ಇನ್‌ಫ್ಲುಯೆಂಜಾ ಬಂತು. ಭಾರತದಲ್ಲಿ ಅದಕ್ಕೆ ಬಲಿಯಾದವರು ಒಂದು ಕೋಟಿಗೂ ಹೆಚ್ಚು, ಎಂದರೆ ನಾಲ್ಕು ವರ್ಷದಲ್ಲಿ ರಣರಂಗಗಳಲ್ಲಿ ಸತ್ತ ಎಲ್ಲ ದೇಶಗಳ ಸೈನಿಕರ ಸಂಖ್ಯೆಗೆ ಹೆಗಲೆಣೆಯಾಗುವಷ್ಟು.

1929ರ ಕುಸಿತವನ್ನು ತಾವು ವಾಲ್ ಸ್ಟ್ರೀಟಿನಲ್ಲಿ ಶುರುಮಾಡಿ ಹಿಟ್ಲರನಲ್ಲಿ ಮುಗಿಸಿದ್ದೀರಿ. ನಮ್ಮ ಕಡೆಗೆ ಅದರಷ್ಟೇ ಮುಖ್ಯವಾದ ದಿನ 1931ರ ಸೆಪ್ಟೆಂಬರ್ 21. ಅಂದು ಬ್ರಿಟನ್ ಚಿನ್ನದ ಪ್ರಮಾಣವನ್ನು ಬಿಟ್ಟಿತು. ಪೌಂಡಿಗೆ ಕಟ್ಟಿಹಾಕಿದ್ದ ರೂಪಾಯಿಯೂ ಅದರೊಂದಿಗೆ ಇಳಿದು, ರೂಪಾಯಿ ಲೆಕ್ಕದಲ್ಲಿ ಚಿನ್ನದ ಬೆಲೆ ಏರಿತು. ಧಾನ್ಯದ ಬೆಲೆ ಅರ್ಧಕ್ಕೆ ಇಳಿದು ಕಂದಾಯ ಮತ್ತು ಸಾಲದ ಬಡ್ಡಿ ಇದ್ದಂತೆಯೇ ಇದ್ದ ಆ ದಿನಗಳಲ್ಲಿ ರೈತರ ಮನೆಯ ಹೆಂಗಸರ ಮೈಮೇಲಿನ ಚಿನ್ನ ಸಾಹುಕಾರರ, ಅಕ್ಕಸಾಲಿಗರ ಕೈಗೆ ಸೇರಿ, ಕರಗಿ ಗಟ್ಟಿಯಾಗಿ, ಬೊಂಬಾಯಿಯ ಬಂದರಿನಿಂದ ಲಂಡನ್ನಿಗೆ ಹೋಯಿತು. ದಶಕ ಮುಗಿಯುವುದರೊಳಗೆ ಹೀಗೆ ದೇಶ ಬಿಟ್ಟ ಚಿನ್ನದ ಮೌಲ್ಯ ನೂರಾರು ಕೋಟಿ ರೂಪಾಯಿ. ಶತಮಾನಗಳಿಂದ ಚಿನ್ನವನ್ನು ಒಳಗೆಳೆದುಕೊಂಡೇ ಬಂದಿದ್ದ ದೇಶ ಇದ್ದಕ್ಕಿದ್ದಂತೆ ಚಿನ್ನ ಕಳಿಸುವ ದೇಶವಾಯಿತು. ಅದೇ ಬೆಲೆಯೇರಿಕೆ ಗಣಿ ಕಂಪನಿಗಳಿಗೆ ವರವಾಯಿತು. ಮೊದಲು ಕೈಬಿಡುತ್ತಿದ್ದ ಬಡ ಅದಿರನ್ನೂ ಎತ್ತುವುದು ಲಾಭದಾಯಕವಾಯಿತು, ಇನ್ನೂ ಆಳಕ್ಕೆ ಇಳಿಯಲು ಹಣ ಹುಟ್ಟಿತು. ಒಂದೇ ಜಿಲ್ಲೆಯಲ್ಲಿ ನೆಲದಡಿಯ ಚಿನ್ನಕ್ಕೆ ಸುಗ್ಗಿ, ನೆಲದ ಮೇಲಿನ ಚಿನ್ನಕ್ಕೆ ಸೂತಕ. ಅದಕ್ಕೆ ಸ್ವಲ್ಪವೇ ಮೊದಲು, 1930ರಲ್ಲಿ, ಪ್ರತಿ ಕಾರ್ಮಿಕನ ಬೆರಳಚ್ಚು ತೆಗೆದು ನೋಂದಾಯಿಸಲು ಕಂಪನಿಗಳು ಹೊರಟಾಗ ಸಾವಿರಾರು ಜನ ಕೆಲಸ ನಿಲ್ಲಿಸಿ ವಾರಗಟ್ಟಲೆ ಮುಷ್ಕರ ಹೂಡಿದರು. ತಮ್ಮನ್ನು ಕಳ್ಳರಂತೆ ದಾಖಲಿಸುವುದನ್ನು ಒಪ್ಪದ ಆ ಮುಷ್ಕರಕ್ಕೆ ನಮ್ಮ ಪಠ್ಯದಲ್ಲಿ ಜಾಗವಿಲ್ಲದಿರುವುದು ಸೋಜಿಗ.

ಎರಡನೆಯ ಮಹಾಯುದ್ಧದ ಕಂತು ಮುಂದಿನ ವಾರ ಬರಲಿದೆಯೆಂದು ಪ್ರಕಟಿಸಿದ್ದೀರಿ. ಅದರ ಲೇಖಕರು ದಯವಿಟ್ಟು ಶಿಡ್ಲಘಟ್ಟ, ಚಿಂತಾಮಣಿ ಕಡೆಗೂ ಒಮ್ಮೆ ನೋಡಲಿ. 1930ರ ದಶಕದ ಆರಂಭದಲ್ಲಿ ಜಪಾನ್ ಮತ್ತು ಚೀನಾದ ಅಗ್ಗದ ರೇಷ್ಮೆಯೆದುರು ನಿಲ್ಲಲಾರದೆ ಇಲ್ಲಿಯ ಹುಳು ಮೇಯಿಸುವವರೂ ನೂಲು ಬಿಚ್ಚುವವರೂ ಕಂಗಾಲಾಗಿ, ಆಮದಿನ ಮೇಲೆ ಸರ್ಕಾರ ರಕ್ಷಣಾ ಸುಂಕ ಹಾಕಬೇಕಾಗಿ ಬಂದಿತ್ತು. 1941ರ ಡಿಸೆಂಬರಿನಲ್ಲಿ ಜಪಾನ್ ಯುದ್ಧಕ್ಕಿಳಿದದ್ದೇ ತಡ, ಆ ರೇಷ್ಮೆ ನಿಂತಿತು. ಪ್ಯಾರಾಶೂಟಿಗೆ ರೇಷ್ಮೆ ಬೇಕಾದ ಮಿತ್ರರಾಷ್ಟ್ರಗಳ ಕಣ್ಣು ಮೈಸೂರಿನ ಮೇಲೆ ಬಿತ್ತು. ಹಿಪ್ಪುನೇರಳೆಯ ತೋಟ ಕೀಳಲು ಹೊರಟಿದ್ದ ರೈತ ಮತ್ತೆ ನೆಟ್ಟ. ಯುದ್ಧ ಮುಗಿದಾಗ ಬೇಡಿಕೆಯೂ ಮುಗಿಯಿತು, ಬೆಲೆ ಬಿತ್ತು. 1949ರಲ್ಲಿ ಕೇಂದ್ರ ರೇಷ್ಮೆ ಮಂಡಳಿ ಸ್ಥಾಪನೆಯಾದದ್ದನ್ನು ಈ ಹಿನ್ನೆಲೆಯಲ್ಲಿಟ್ಟು ಓದಬೇಕು. ಚಿನ್ನದ ವಿಷಯ ಬರುವುದಾದರೆ 1944ರ ಬ್ರೆಟ್ಟನ್ ವುಡ್ಸ್ ಒಪ್ಪಂದವನ್ನು ಬಿಡಬಾರದು. ಔನ್ಸಿಗೆ 35 ಡಾಲರ್ ಎಂಬ ದರದಲ್ಲಿ ಡಾಲರನ್ನು ಚಿನ್ನಕ್ಕೂ ಉಳಿದ ನಾಣ್ಯಗಳನ್ನು ಡಾಲರಿಗೂ ಕಟ್ಟಿದ ಆ ಒಪ್ಪಂದದೊಂದಿಗೆ 1873ರಲ್ಲಿ ಆರಂಭವಾದ ಅಧ್ಯಾಯ ಬಹುಮಟ್ಟಿಗೆ ಮುಗಿಯಿತು. ಕೋಲಾರದ ಗಣಿಗಳನ್ನು ಮೈಸೂರು ರಾಜ್ಯ 1956ರಲ್ಲಿ ರಾಷ್ಟ್ರೀಕರಣ ಮಾಡಿದಾಗ ಅದರ ಕೈಗೆ ಬಂದದ್ದು, ಮೂರು ಕಿಲೋಮೀಟರಿನ ಆಸುಪಾಸಿಗೆ ಇಳಿದು, ತೆಗೆಯುವ ಖರ್ಚು ಏರುತ್ತಲೇ ಇದ್ದ ಗಣಿಗಳು. 2001ರ ಫೆಬ್ರವರಿ 28ರಂದು ಅವು ಮುಚ್ಚಿದವು.

ಕೊನೆಯದಾಗಿ ಎರಡು ಕೋರಿಕೆಗಳಿವೆ. ಮಾಲಿಕೆಯನ್ನು ಪುಸ್ತಕವಾಗಿ ತರುವ ಆಲೋಚನೆಯಿದ್ದರೆ 1873ಕ್ಕೆ ಒಂದು ಅಧ್ಯಾಯ ಕೊಡಿ, ಮತ್ತು 1876-78ರ ಬರವನ್ನು ಅದರ ಪಕ್ಕದಲ್ಲೇ ಇಡಿ. ಎರಡನೆಯದು, ಪ್ರತಿ ಕಂತಿನ ಅಡಿಯಲ್ಲಿ ಕೊಡುತ್ತಿರುವ ಹೊಂದಿಸಿ ಬರೆಯಿರಿ ಮಾದರಿಯ ಪ್ರಶ್ನೆಗಳನ್ನು ಕಡಿಮೆ ಮಾಡಿ, ಬರೆಯುವಂಥ ಒಂದಾದರೂ ಪ್ರಶ್ನೆ ಹಾಕಿ. ಬ್ರಿಟನ್ ಚಿನ್ನದ ಪ್ರಮಾಣವನ್ನು ಬಿಟ್ಟದ್ದರಿಂದ ಚಾಂಪಿಯನ್ ರೀಫಿನ ಷೇರುದಾರನಿಗೂ ಮುಳಬಾಗಿಲಿನ ರಾಗಿ ಬೆಳೆಗಾರನಿಗೂ ಆದ ಲಾಭನಷ್ಟಗಳನ್ನು ಹೋಲಿಸಿ ಎಂದು ಕೇಳಿ ನೋಡಿ. ನಮ್ಮ ಗ್ರಂಥಾಲಯದ ಹುಡುಗರು ಕಳಿಸುವ ಉತ್ತರಗಳಲ್ಲಿ ಪ್ರಕಟಣೆಗೆ ಯೋಗ್ಯವಾದವು ಖಂಡಿತ ಸಿಗುತ್ತವೆ; ಮೊದಲ ಸುತ್ತಿನ ಮೌಲ್ಯಮಾಪನವನ್ನು ಸಂಭಾವನೆಯಿಲ್ಲದೆ ಮಾಡಿಕೊಡಲು ನಾನು ಸಿದ್ಧನಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಇತಿಹಾಸ ಅಧ್ಯಾಪಕ
ಬಂಗಾರಪೇಟೆ, ಕೋಲಾರ ಜಿಲ್ಲೆ